ನಾಯಿ ಕೊಳ್ಳಲು ಹೋಗಿ ನಾವೇ ಪರೀಕ್ಷೆಗೆ ಕೂತದ್ದು

ಮೊನ್ನೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ರದ್ದಿಗೆ ಹಾಕೋಣವೆಂದು ಕಪಾಟು ತೆಗೆದರೆ ಒಂದು ಹಳದಿ ಕಾರ್ಡು ಕಾಲ ಮೇಲೆ ಬಿತ್ತು. ಮೇಲೆ ನಾಯಿಯ ಚಿತ್ರ. ಒಳಗೆ ಲಸಿಕೆ ಹಾಕಿದ ತಾರೀಖು, ಒಂದು ಗೀಚು ಸಹಿ, ಪಕ್ಕದಲ್ಲಿ ಔಷಧದ ಬಾಟಲಿಯಿಂದ ಕಿತ್ತು ಅಂಟಿಸಿದ ಸಣ್ಣ ಚೀಟಿ. ನೋಡಿದವರಿಗೆ ಸಂಶಯ ಬರಬಾರದು, ಅಷ್ಟು ಚೊಕ್ಕ. ನನಗೂ ಬಂದಿರಲಿಲ್ಲ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಯಾಕೆಂದರೆ, ನಿಮ್ಮ ಮುಂದೆ ಮುಚ್ಚಿಡುವುದೇನು, ಸಂಶಯವೇ ನನ್ನ ಹೊಟ್ಟೆಪಾಡು. ಇಂಡಿ ಊರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಪರೀಕ್ಷೆಯ ಹಾಲಿನಲ್ಲಿ ಯಾವ ಹುಡುಗಿ ನೀರು ಕುಡಿಯಲು ಎದ್ದಳು, ಯಾವಳು ಚೀಟಿ ಬಿಸಾಡಲು ಎದ್ದಳು ಎಂದು ನಡಿಗೆಯ ಮೇಲೆಯೇ ಹೇಳಬಲ್ಲೆ. ಇದು ನಾನು ಗಳಿಸಿದ ವಿದ್ಯೆಯಲ್ಲ, ತಲೆಮಾರಿನಿಂದ ಬಂದದ್ದು. ನಮ್ಮವ್ವ ಸಂತೆಯಲ್ಲಿ ಬದನೆಕಾಯಿಯ ತೊಟ್ಟು ಎತ್ತಿ ನೋಡಿ, ಮೂಸಿ, ಬೆಳಕಿಗೆ ಹಿಡಿದು, ಕೊನೆಗೆ ಮಾರುವವಳ ಮುಖ ನೋಡಿ ಕೆಳಗಿಡುತ್ತಿದ್ದಳು. ಬದನೆಕಾಯಿ ಪಾಸಾದರೂ ಮುಖ ಫೇಲಾಗುತ್ತಿತ್ತು.

ಅಪ್ಪನದು ಇನ್ನೂ ಒಂದು ಕೈ ಮೇಲೆ. ಎತ್ತು ಕೊಳ್ಳುವುದಿದ್ದರೆ ದನದ ಸಂತೆಗೆ ಹೋಗಿ ಹಲ್ಲು ಎಣಿಸುವುದು, ಬಾಲ ಎತ್ತುವುದು, ನೂರು ಹೆಜ್ಜೆ ನಡೆಸುವುದು ಎಲ್ಲರೂ ಮಾಡುತ್ತಾರೆ. ಅಪ್ಪ ಅದಕ್ಕೂ ಮೊದಲು ಮಾರುವವನ ಊರಿಗೆ ಹೋಗುತ್ತಿದ್ದ. ಅಲ್ಲಿನ ಚಾದಂಗಡಿಯಲ್ಲಿ ಕೂತು ಎತ್ತಿನ ಮಾತೇ ತೆಗೆಯದೆ ಆ ಮನುಷ್ಯನ ಮಾತು ತೆಗೆಯುತ್ತಿದ್ದ. ನೆರೆಯವರ ಕೂಡ ಹ್ಯಾಂಗ, ಆಳಿನ ಕೂಡ ಹ್ಯಾಂಗ, ಮಳೆಗಾಲದಾಗ ಎತ್ತ ಎಲ್ಲಿ ಕಟ್ಟತಾನ. ಒಂದು ಸಲ ನಾನೂ ಜೊತೆಗಿದ್ದೆ. ಮಂಡಾಳು ತಿನ್ನುತ್ತ ಕೇಳಿದೆ, "ಅಪ್ಪಾ, ಎತ್ತ ನೋಡೂದು ಬಿಟ್ಟ ಇಲ್ಲಿ ಯಾಕ ಕುಂತಿ?" ಅಪ್ಪ ಹೇಳಿದ, "ಎತ್ತಿಗೆ ಮಾತ ಬರೂದಿಲ್ಲ. ಮಾರಾಂವಗ ಮಾತ ಭಾಳ ಬರ್ತಾವ. ಅದಕ್ಕ ಮೂರನೇದವರನ್ನ ಕೇಳಬೇಕು."

ಇಂಥವರ ಹೊಟ್ಟೆಯಲ್ಲಿ ಹುಟ್ಟಿದವಳು ನಾನು, ಸಿಂದಗಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ರಟ್ಟಿನ ಡಬ್ಬಿಯಲ್ಲಿ ಕುನ್ನಿ ಕೊಂಡೆ.

ಹಾಗೆ ಕೊಳ್ಳುವಂಥದ್ದೇನಾಗಿತ್ತು ಎನ್ನುತ್ತೀರಿ. ಅಪ್ಪ ಹೋದ ಮೇಲೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ನಾನು ಮದುವೆಯಾಗಲಿಲ್ಲ, ಬಂದ ವರಗಳ ಮೇಲೆಲ್ಲ ಅವ್ವನಿಗೆ ಸಂಶಯ, ಅವ್ವನಿಗೆ ಹಿಡಿಸಿದ ಒಬ್ಬನ ಮೇಲೆ ನನಗೆ ಸಂಶಯ. ಅದಿರಲಿ. ಎರಡು ವರ್ಷದಿಂದ ಅವ್ವನ ಕಿವಿ ಪೂರ್ತಿ ಮಂದವಾಗಿದೆ. ನಾನು ಶಾಲೆಗೆ ಹೋದರೆ ಗೇಟು ಬಡಿದರೂ ಗೊತ್ತಾಗುವುದಿಲ್ಲ, ಮಷಿನ್ನು ಹಾಕಿಕೋ ಎಂದರೆ "ಕಿವ್ಯಾಗ ಜೀರುಂಡಿ ಕುಂತಂಗಾಗತೈತಿ" ಎಂದು ತೆಗೆದಿಡುತ್ತಾಳೆ. ಒಂದು ಮಧ್ಯಾಹ್ನ ತಾಮ್ರ, ಬಂಗಾರ ತೊಳೆದು ಹೊಳಪು ಕೊಡುತ್ತೇನೆ ಎನ್ನುವವನೊಬ್ಬ ಕೂಗಿ ಕೂಗಿ, ಉತ್ತರ ಬಾರದ್ದಕ್ಕೆ ನೇರ ಅಡಿಗೆಮನೆಗೇ ಬಂದು ನಿಂತಿದ್ದ. ಅವ್ವ ಹಿಂದಿರುಗಿ ನೋಡಿದಾಗ ಅವನು ಒಂದು ಮಾರು ದೂರದಲ್ಲಿದ್ದ. ಅವ್ವನ ಕೈಯಲ್ಲಿ ರೊಟ್ಟಿ ತಿರುವುವ ಕಬ್ಬಿಣದ ಪಟ್ಟಿ ಇತ್ತು, ಕೆಂಡದಷ್ಟು ಬಿಸಿ. ಅವನು ಚೀಲ ಬಿಟ್ಟು ಓಡಿದ. ಅವ್ವ ನನ್ನೆದುರು ನಕ್ಕಳು. ಆದರೆ ಅಂದಿನಿಂದ ಗೋಡೆಗೆ ಬೆನ್ನು ಕೊಟ್ಟು ಕೂಡುವುದು ರೂಢಿಯಾಯಿತು. ಕಾಯಿಪಲ್ಲೆ ಹೆಚ್ಚುವಾಗಲೂ ನಡುನಡುವೆ ತಿರುಗಿ ನೋಡುತ್ತಿದ್ದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ಒಂದು ನಾಯಿ ತರ್ತೇನಿ" ಎಂದು ಅವಳ ಕಿವಿಯ ಬಳಿ ಒದರಿದೆ.

"ತರೂದು ಅಂದ್ರ? ರೊಕ್ಕಾ ಕೊಟ್ಟ?" ಅವ್ವ ನನ್ನನ್ನು ಹುಚ್ಚಿಯಂತೆ ನೋಡಿದಳು. "ನಾಯಿ ಯಾರರ ಕೊಳ್ತಾರೇನ? ನಾಯಿ ತಾನ ಬರ್ತೈತಿ."

ಅವಳ ಮಾತು ಸುಳ್ಳಲ್ಲ. ನಾವು ಸಣ್ಣವರಿದ್ದಾಗ ನಾಯಿಗಳು ತಾವೇ ಬರುತ್ತಿದ್ದವು. ಒಂದು ಮುಂಜಾನೆ ಬಾಗಿಲಲ್ಲಿ ಕೂತಿರುತ್ತಿತ್ತು. ಅವ್ವ ಮೂರು ದಿನ ಬೈಯುವಳು, ನಾಲ್ಕನೆಯ ದಿನ ಕಟಕ ರೊಟ್ಟಿ ಎಸೆಯುವಳು, ಐದನೆಯ ದಿನ ಅದಕ್ಕೊಂದು ಹೆಸರು ಬಂದಿರುತ್ತಿತ್ತು. ಯಾವ ಜಾತಿ, ಯಾವ ತಳಿ ಯಾರೂ ಕೇಳುತ್ತಿರಲಿಲ್ಲ. ನಾನೂ ಹಾಗೆಯೇ ಓಣಿಯ ಕುನ್ನಿಯೊಂದನ್ನು ಎತ್ತಿಕೊಳ್ಳಬಹುದಿತ್ತು. ಆದರೆ ಸ್ಟಾಫ್ ರೂಮಿನಲ್ಲಿ ಒಬ್ಬಳು ಮೊಬೈಲಿನಲ್ಲಿ ಫೋಟೋ ತೋರಿಸಿಬಿಟ್ಟಳು. ಬಂಗಾರದ ಬಣ್ಣ, ಕೊರಳಿಗೆ ಕೆಂಪು ರಿಬ್ಬನ್ನು, ಕಣ್ಣು ನೋಡಿದರೆ ನನ್ನನ್ನೇ ಕಾಯುತ್ತ ಕೂತಂತೆ.

ಫೋನು ಮಾಡಿದೆ. ಮಾರುವವನ ಮಾತು ಬೆಲ್ಲ. "ಮನಿತನಕ ಯಾಕ ಬರ್ತೀರಿ ಅಕ್ಕೋರ, ಬಿಸಲಾಗ? ನಾನ ಬಸ್‌ಸ್ಟ್ಯಾಂಡಿಗೆ ತಂದ ಕೊಡ್ತೇನಿ." ಎಂಥ ಒಳ್ಳೆಯವನು ಎಂದುಕೊಂಡೆ! ಸಿಂದಗಿಯಲ್ಲಿ ಇಳಿದಾಗ ಅವನು ಚಾದಂಗಡಿಯ ಪಕ್ಕ ಡಬ್ಬಿ ಹಿಡಿದು ನಿಂತಿದ್ದ. ಇದರ ತಾಯಿ ಎಲ್ಲಿ ಎಂದೆ. ತೋಟದಲ್ಲಿದೆ ಎಂದ. ಎಷ್ಟು ದಿನದ್ದು ಎಂದೆ. "ಎರಡ ತಿಂಗಳಾತ್ರಿ, ಎಲ್ಲಾ ಇಂಜೆಕ್ಷನ್ ಆಗ್ಯಾವ" ಎಂದು ಹಳದಿ ಕಾರ್ಡು ಕೊಟ್ಟ. ಅವನು ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಡಬ್ಬಿ ಬೇಕೇನ್ರಿ, ಹಂಗ ಒಯ್ತೀರಿ?" ಕುನ್ನಿ ನಡುಗುತ್ತಿತ್ತು. ನನ್ನ ಸೆರಗಿನಲ್ಲಿ ಮೂಗು ಹುದುಗಿಸಿತು. ಅಲ್ಲಿಗೆ ನಮ್ಮ ಮನೆತನದ ವಿದ್ಯೆಯೆಲ್ಲ ಮುಗಿಯಿತು.

ಅವ್ವ ಅದನ್ನು ಗುಂಡ ಎಂದು ಕರೆದಳು. ಈ ಸಲ ಐದು ದಿನ ಬೇಕಾಗಲಿಲ್ಲ, ಒಂದೇ ತಾಸು ಸಾಕಾಯಿತು. ನಾಲ್ಕನೆಯ ದಿನ ಗುಂಡ ಹಾಲು ಮುಟ್ಟಲಿಲ್ಲ. ಸಂಜೆಗೆ ವಾಂತಿ, ಮರುದಿನ ರಕ್ತದ ಭೇದಿ. ನಾನು ಮೈಬೂಬ ಕಾಕಾಗೆ ಹೇಳಿಕಳಿಸಿದೆ. ಕಾಕಾ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ರಿಟೈರಾದವರು, ಅಪ್ಪನ ಗೆಳೆಯರು, ಅವ್ವನಿಗೆ "ವೈನಿ" ಎನ್ನುವವರು. ಬಂದವರೇ ಕುನ್ನಿಯ ಒಸಡು ನೋಡಿದರು, ತೊಗಲು ಎಳೆದು ಬಿಟ್ಟು ನೋಡಿದರು, ಹಲ್ಲು ನೋಡಿದರು.

"ಎಷ್ಟ ದಿನದ್ದು ಅಂದಾನ?"

"ಎರಡ ತಿಂಗಳದ್ದು, ಕಾಕಾ."

"ಒಂದ ತಿಂಗಳದ್ದೂ ಆಗಿಲ್ಲ. ತಾಯಿ ಮಲಿ ಬಿಡಸಿ ತಂದಾನ." ಸಲೈನಿನ ಸೂಜಿ ಚುಚ್ಚುತ್ತ ಕೇಳಿದರು, "ತಾಯಿ ನೋಡಿದೇನು?"

"ಇಲ್ರಿ."

"ಅಂವನ ಮನಿ ನೋಡಿದೇನು?"

"ಇಲ್ರಿ."

"ಹಂಗಾದ್ರ ಏನ ನೋಡಿದಿ, ಸುನಂದಾ?"

ಕಣ್ಣು ನೋಡಿದೆ ಎನ್ನಲು ನಾಚಿಕೆಯಾಯಿತು. ಕಾರ್ಡು ಕೊಟ್ಟೆ. ಕಾಕಾ ಕನ್ನಡಕ ಹಾಕಿ ಅದರ ಮೇಲಿನ ಚೀಟಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಮೆಲ್ಲಗೆ ಹೇಳಿದರು, "ಇದು ಕೋಳಿ ಲಸಿಕಿ ಚೀಟಿ, ತಂಗಿ. ಕೋಳಿಗೆ ಹಾಕೂದು."

ವೈರಸ್ ಎಂದರೇನು ಎಂದು ವರ್ಷಕ್ಕೆ ಮೂರು ವರ್ಗಕ್ಕೆ ಪಾಠ ಹೇಳುವವಳು ನಾನು. ಆರನೆಯ ದಿನ ಮಧ್ಯಾಹ್ನ, ನಾನು ಶಾಲೆಯಲ್ಲಿದ್ದಾಗ, ಗುಂಡ ಅವ್ವನ ಹಳೆಯ ಇಳಕಲ್ ಸೀರೆಯ ಮೇಲೆ ಮಲಗಿದ್ದು ಏಳಲಿಲ್ಲ. ಬಂದು ನೋಡಿದರೆ ಅವ್ವ ಅದರ ಬಾಯಿ ಒರೆಸುತ್ತ ಕೂತಿದ್ದಳು. "ಇದರ ಉಸರ ನನಗ ಕೇಳಸಾಕತ್ತಿಲ್ಲ. ನಿನಗ ಕೇಳಸತೈತೇನ ನೋಡು" ಎಂದಳು.

ಸಿಂದಗಿಯವನಿಗೆ ಫೋನು ಹಚ್ಚಿದೆ. ಮೊದಲು "ನಿಮ್ಮ ಮನಿ ಹಾಲ ಆಗಿಬಂದಿಲ್ರಿ" ಎಂದ. ಎರಡನೆಯ ಸಲ ಎತ್ತಲಿಲ್ಲ. ಆಮೇಲೆ ನಂಬರೇ ಹೋಗಲಿಲ್ಲ.

ಆಮೇಲಿನ ನನ್ನ ಸಂಶಯವನ್ನು ಏನೆಂದು ಹೇಳಲಿ. ಹಾಲಿನವಳ ಹಾಲಿಗೆ, ಬಸ್ಸಿನ ಬೋರ್ಡಿಗೆ, ಗುಳಿಗೆಯ ಪಾಕೀಟಿಗೆ, ಎಲ್ಲಕ್ಕೂ ಸಂಶಯ. ಕಾಕಾ ಮನೆಯನ್ನೆಲ್ಲ ಬ್ಲೀಚಿಂಗ್ ಪೌಡರಿನಲ್ಲಿ ತೊಳೆಸಿದರು. ಈ ವೈರಸ್ ರೋಗ ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಯಾವ ನಾಯಿಯವರ ಮನೆಗೆ ಹೋದರೂ ಮೊದಲು ಈ ಮಾತು ಹೇಳಬೇಕು ಎಂದರು. ಒಂದೂವರೆ ತಿಂಗಳು ಕಳೆದ ಮೇಲೆ ಅವರೇ ನನ್ನನ್ನು ಮುದ್ದೇಬಿಹಾಳದ ಕಡೆಗೆ ಕರೆದುಕೊಂಡು ಹೋದರು. ಅಲ್ಲಿ ನಾಯಿಮರಿ ಮಾರುವವನೊಬ್ಬ ದೊಡ್ಡ ಬೋರ್ಡು ಹಾಕಿದ್ದಾನೆ, ನೋಡಿಯಾದರೂ ಬರೋಣ ಎಂದು.

ಬೋರ್ಡು ಖರೆ ದೊಡ್ಡದಿತ್ತು. ತಗಡಿನ ಶೆಡ್ಡಿನಲ್ಲಿ ಸಾಲಾಗಿ ಪಂಜರ, ಐದಾರು ತಳಿ, ಒಂದೊಂದಕ್ಕೆ ಒಂದೊಂದು ರಾಗ. "ಯಾವ ಬಣ್ಣದ್ದು ಬೇಕ್ರಿ ಅಕ್ಕೋರ? ಇವತ್ತ ಒಯ್ದ್ರ ಇವತ್ತ" ಎಂದು ಮಾಲಕ ಬಟ್ಟೆ ಅಂಗಡಿಯವನಂತೆ ಕೈ ಉಜ್ಜಿದ. ಕಾಕಾ ಮರಿಗಳನ್ನು ನೋಡಲೇ ಇಲ್ಲ. ಮೂಲೆಯ ಪಂಜರದಲ್ಲಿದ್ದ ಹೆಣ್ಣುನಾಯಿಯನ್ನು ನೋಡುತ್ತ ನಿಂತರು. ಮೊಲೆ ನೆಲಕ್ಕೆ ತಾಗುವಷ್ಟು ಜೋತಿದ್ದವು, ಬೆನ್ನೆಲುಬು ಎಣಿಸಬಹುದಿತ್ತು.

"ಇದು ಎಷ್ಟನೇ ಸೂಲ?"

"ವರ್ಷಕ್ಕ ಎರಡ ಆಕ್ಕಾವ್ರಿ. ಭಾಳ ಫಲ ಕೊಡೂ ನಾಯಿ."

"ಹೊರಗ ಬಿಡ್ರಿ, ನೋಡೂಣು."

ಮಾಲಕ ಚಿಲಕಕ್ಕೆ ಕೈ ಹಾಕಿದ್ದೇ ತಡ, ಆ ನಾಯಿ ಹಿಂದಿನ ತಗಡಿಗೆ ಅಂಟಿಕೊಂಡು ಅಲ್ಲೇ ಉಚ್ಚೆ ಹೊಯ್ದಿತು. ಕಾಕಾ "ಸಾಕ್ರಿ" ಎಂದು ಗೇಟಿನ ಕಡೆ ಹೊರಟರು. ಹೊರಡಬೇಕಾದ ನಾನು ಏನು ಮಾಡಿದೆ ಗೊತ್ತೇ? ಪಕ್ಕದ ಪಂಜರದಿಂದ ಮೂಗು ಹೊರಗೆ ಹಾಕಿದ್ದ ಕಪ್ಪು ಕುನ್ನಿಯೊಂದರ ಕಡೆ ಬೆರಳು ಚಾಚಿದೆ. "ಕೈ ಹಚ್ಚಬ್ಯಾಡ!" ಕಾಕಾ ಗೇಟಿನಿಂದ ಗುಡುಗಿದರು. "ನಿನ್ನ ಕೈಯಾಗ ರೋಗ ಇದ್ದೀತು." ಬರುವಾಗ ಬಸ್ಸಿನಲ್ಲಿ ನಾನು, ಪಾಪ ಅದನ್ನು ಅಲ್ಲಿಂದ ಬಿಡಿಸಿಕೊಂಡು ಬರಬೇಕಿತ್ತು ಎಂದೆ. ಕಾಕಾ ಕಿಟಕಿಯ ಹೊರಗೆ ನೋಡುತ್ತ, "ನೀ ಒಂದ ಬಿಡಿಸ್ಕೊಂಡ ಬಂದ್ರ ಅಂವ ಆ ತಾಯಿಗೆ ಇನ್ನೊಂದ ಸೂಲ ಕಟ್ಟತಾನ" ಎಂದರು.

ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಕಾಕಾಗೆ ಹಳೆಯ ಪರಿಚಯದವನೊಬ್ಬ ಸಿಕ್ಕ. ಗೊಳಸಂಗಿಯ ರೈತ. ಅವನ ಮನೆಯಲ್ಲಿ ಒಂದು ಕರವಾನಿ ನಾಯಿ ಇದೆಯಂತೆ. ಕರವಾನಿ ಎಂದರೆ ನಮ್ಮ ಕಡೆಯ ಬೇಟೆನಾಯಿ, ತೆಳ್ಳಗೆ, ಉದ್ದ ಕಾಲು. "ತಂಗಡಗಿಯ ನೀಲವ್ವನ ಕಡೆ ತಂದದ್ರಿ" ಎಂದ. "ಆದ್ರ ಅಕಿ ಕಡೆ ಹೋಗೂದಾದ್ರ ಗಟ್ಟಿ ಮನಸ್ಸ ಮಾಡಿ ಹೋಗ್ರಿ. ಕೊಡೂಕಿಂತ ಮೊದಲ ಎರಡ ಸಲ ತಿರಗ್ಯಾಡಿಸಿದ್ಲು. ಕೊಟ್ಟಮ್ಯಾಲ ಒಂದ ವರ್ಷದಾಗ ಮೂರ ಸಲ ಬಂದು ನಾಯಿ ನೋಡಿಕೊಂಡ ಹೋದ್ಲು. ನನ್ನ ಮಗಳನ್ನ ಕೊಟ್ಟಾಗ ನಾನೂ ಇಷ್ಟ ಸಲ ಹೋಗಿಲ್ಲ."

ನನಗಾಗಲೇ ಸಂಶಯ ಶುರುವಾಯಿತು. ಮಾರುವವಳಿಗೆ ಇಷ್ಟೊಂದು ಪ್ರೀತಿಯೇ? ಏನೋ ಒಳಗುಟ್ಟಿರಬೇಕು.

ಮುಂದಿನ ರವಿವಾರ ಕಾಕಾಗೆ ಮೊಣಕಾಲು ನೋವು. "ನಾಯಿ ಕೂಡ ದಿನಾ ಇರಾಕಿ ವೈನಿ. ಅವರನ್ನ ಕರಕೊಂಡ ಹೋಗು" ಎಂದರು. ಹೊರಡುವಾಗ ಮತ್ತೊಮ್ಮೆ, "ಗುಂಡನ ಮಾತ ಮೊದಲ ಹೇಳು" ಎಂದರು. ನಾನು ಅವ್ವನನ್ನು ಕರೆದುಕೊಂಡು ತಂಗಡಗಿಗೆ ಹೋದೆ.

ನೀಲವ್ವ ಅರವತ್ತರ ಹೆಂಗಸು, ನೆಟ್ಟನೆಯ ನಿಲುವು. ಗೇಟಿನಲ್ಲೇ ನಿಲ್ಲಿಸಿ ಚಪ್ಪಲಿ ಬೀದಿಯಲ್ಲಿ ಬಿಡಿಸಿದಳು. ಒಂದು ಬಕೀಟು ನೀರು, ಸಾಬೂನು ಮುಂದಿಟ್ಟು, "ಕೈಕಾಲ ತೊಳಕೋರಿ. ಮೊಣಕಾಲತನಕ" ಎಂದಳು. ಒಳಗೆ ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ತಾಯಿನಾಯಿ ಮಲಗಿತ್ತು, ಆರು ಮರಿ ಅದರ ಹೊಟ್ಟೆಗೆ ಕಚ್ಚಿಕೊಂಡಿದ್ದವು. ನಾವು ಬಂದದ್ದಕ್ಕೆ ಅದು ತಲೆ ಎತ್ತಿತು, ನೀಲವ್ವನ ಮುಖ ನೋಡಿತು, ಮತ್ತೆ ಮಲಗಿತು. ಗೋಡೆಯ ಮೇಲೆ ಇಪ್ಪತ್ತು ಇಪ್ಪತ್ತೈದು ಫೋಟೋ ಅಂಟಿಸಿದ್ದಳು, ಎಲ್ಲ ನಾಯಿಗಳವು, ಪ್ರತಿಯೊಂದರ ಕೆಳಗೆ ಊರಿನ ಹೆಸರು. ಗಂಡ ಇದ್ದಾಗ ಮನೆ ತುಂಬ ನಾಯಿ ಇದ್ದವಂತೆ. ಈಗ ಎರಡೇ, ಎರಡು ವರ್ಷಕ್ಕೊಮ್ಮೆ ಒಂದು ಸೂಲು. "ಅಕಿ ಮೈ ತುಂಬಿಕೊಳ್ಳಾಕ ಅಷ್ಟ ದಿನ ಬೇಕು" ಎಂದಳು.

ನಾನು ಒಯ್ದ ಪ್ರಶ್ನೆಗಳ ಪಟ್ಟಿಯನ್ನು ಪರ್ಸಿನಿಂದ ತೆಗೆಯುವಷ್ಟರಲ್ಲಿ ಅವಳು ಶುರು ಮಾಡಿದಳು.

"ಮನ್ಯಾಗ ಯಾರ್ಯಾರ ಇರ್ತೀರಿ? ನೀವ ಸಾಲಿಗೆ ಎಷ್ಟ ತಾಸ ಹೋಗ್ತೀರಿ? ಬ್ಯಾಸಗಿ ಸೂಟ್ಯಾಗ ಊರಿಗೆ ಹೋದ್ರ ನಾಯಿ ಯಾರ ಕಡೆ? ಕಂಪೌಂಡ ಎಷ್ಟ ಎತ್ತರ ಐತಿ? ಇದು ಓಡೂ ನಾಯಿ, ದಿನಾ ಓಡಸಾವ್ರ ಯಾರು? ನಿಮಗ ಜಡ್ಡ ಆದ್ರ?"

ಪರೀಕ್ಷೆಯ ಹಾಲಿನಲ್ಲಿ ಮೊದಲ ಸಲ ಬೆಂಚಿನ ಆ ಬದಿ ಕೂತಂತಾಯಿತು. ಆಗಲೇ ಅವಳು ಕೇಳಿದಳು, "ಮೊದಲ ನಾಯಿ ಸಾಕೀರೇನು?"

ಹೇಳಬೇಕಾದದ್ದು ನನಗೆ ಗೊತ್ತಿತ್ತು. ಹೇಳಿದರೆ ಇವಳು ಕೊಡುವುದಿಲ್ಲ ಎಂಬುದೂ ಗೊತ್ತಿತ್ತು. ಆರು ಮರಿಗಳಲ್ಲಿ ಒಂದು ನನ್ನ ಕಡೆಗೇ ನೋಡುತ್ತಿತ್ತು.

"ಸಣ್ಣಾಕಿ ಇದ್ದಾಗ ಊರಾಗ ಇದ್ದು. ಆಮ್ಯಾಲ ಇಲ್ರಿ. ಇದ ಮೊದಲು" ಎಂದೆ.

ಅವ್ವನಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಮರಿಗಳನ್ನೇ ನೋಡುತ್ತ ಕೂತಿದ್ದವಳು, ಕಿವುಡರು ಮಾತಾಡುವ ಆ ದೊಡ್ಡ ದನಿಯಲ್ಲಿ ನೀಲವ್ವನಿಗೆ ಹೇಳಿದಳು: "ನಮ್ಮ ಗುಂಡನೂ ಇಷ್ಟ ಇದ್ದ ನೋಡವ್ವಾ. ಆರ ದಿನಕ್ಕ ಸತ್ತ. ರಕ್ತಾ ಹೇಲಿ ಹೇಲಿ ಸತ್ತ, ನನ್ನ ಸೀರಿ ಮ್ಯಾಲ. ಎರಡ ತಿಂಗಳಾತು."

ನೀಲವ್ವ ಎದ್ದು ನಮ್ಮ ಮತ್ತು ಮರಿಗಳ ನಡುವೆ ಬಂದು ನಿಂತಳು. ಸಿಟ್ಟಿಗಿಂತ ಅಂಜಿಕೆ ಅವಳ ಮುಖದಲ್ಲಿತ್ತು.

"ಏಳ್ರಿ. ಹೊರಗ ಬರ್ರಿ."

ಬೀದಿಗೆ ಬಂದ ಮೇಲೆ ಹೇಳಿದಳು, "ಅಕ್ಕೋರ, ಆ ರೋಗ ಸೀರಿ ಅಂಚಿಗೆ ಹತ್ತಿ ಬಂದ್ರ ಸಾಕು, ಈ ಆರೂ ಹೋಗ್ತಾವ. ನಿಮಗ ಗೊತ್ತಿತ್ತು. ಗೊತ್ತಿದ್ದೂ ಸುಳ್ಳ ಹೇಳಿದ್ರಿ. ನಾ ಕೊಡೂದಿಲ್ಲ."

ಕೊನೆಗೆ ನಮ್ಮ ಊರು, ಓಣಿ ಕೇಳಿ ಬರೆದುಕೊಂಡಳು. ಯಾಕೆಂದು ಹೇಳಲಿಲ್ಲ. ಬಸ್ಸಿನಲ್ಲಿ ಅವ್ವ, "ಯಾಕ ಅಕಿ ಚಾ ಕೊಡಲಿಲ್ಲ?" ಎಂದು ಮೂರು ಸಲ ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ನಾಚಿಕೆ ಒಂದು ತಾಸು ಇತ್ತು. ಆಮೇಲೆ, ಸುಳ್ಳೇಕೆ ಹೇಳಲಿ, ಅದು ಮೆಲ್ಲಗೆ ಸಂಶಯಕ್ಕೆ ತಿರುಗಿತು. ಬೇರೆ ದೊಡ್ಡ ಗಿರಾಕಿ ಸಿಕ್ಕಿರಬೇಕು, ನೆಪ ಹುಡುಕುತ್ತಿದ್ದಳು. ವಿಳಾಸ ಯಾಕೆ ಬರೆದುಕೊಂಡಳು? ಏನು ಮಾಡುವವಳಿದ್ದಾಳೆ? ತಪ್ಪು ನನ್ನದಾದಾಗ ನನ್ನ ಸಂಶಯಕ್ಕೆ ಎಂಥ ಬಲ ಬರುತ್ತದೆ ನೋಡಿ!

ಹತ್ತು ದಿನಕ್ಕೆ, ಬುಧವಾರ, ಹತ್ತನೆಯ ವರ್ಗದಲ್ಲಿ ಬೆಳಕಿನ ವಕ್ರೀಭವನ ಹೇಳುತ್ತಿದ್ದಾಗ ಪಕ್ಕದ ಮನೆಯವಳ ಫೋನು ಬಂತು. "ಟೀಚರ್ರ, ನಿಮ್ಮ ಮನ್ಯಾಗ ಯಾರೋ ಹೆಂಗಸ ಹೊಕ್ಕಾಳ್ರಿ. ಎರಡ ತಾಸಾತು, ಹೊರಗ ಬಂದಿಲ್ಲ. ಗ್ವಾಡಿ ಅಳ್ಯಾಕತ್ತಾಳ!" ಬೋರ್ಡಿನ ಮೇಲೆ ಬರೆಯುತ್ತಿದ್ದ ಖಡು ಬಿಸಾಕಿ ಓಡಿದೆ. ಗೇಟು ತೆರೆದಿತ್ತು. ಅಂಗಳದಲ್ಲಿ ನೀಲವ್ವ ಕಂಪೌಂಡಿನ ಗೋಡೆಗೆ ಕೈ ಚಾಚಿ ಎತ್ತರ ನೋಡುತ್ತಿದ್ದಳು. ಅವ್ವ ಮೆಟ್ಟಿಲ ಮೇಲೆ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದಳು, ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಗೆಲುವು.

"ನೀವು... ಇಲ್ಲಿ?"

"ಹೇಳಿ ಬಂದ್ರ ಮನಿ ಸಾರಿಸಿ ಇಡ್ತೀರಿ. ಅದಕ್ಕ ಹೇಳದ ಬಂದ್ನಿ" ಎಂದಳು ನೀಲವ್ವ. "ನಾ ಗೇಟ ಬಡದ್ನಿ, ಒದರಿದ್ನಿ, ಒಳಗ ಬಂದು ನಿಮ್ಮವ್ವನ ಹಿಂದ ನಿಂತ್ನಿ. ಯವ್ವಗ ಗೊತ್ತಾಗಲಿಲ್ಲ. ತಿರುಗಿ ನೋಡಿ ಅಂಜಿ ಕೈಯಾಗಿನ ತಾಟ ಒಗದ್ಲು." ಆಮೇಲೆ ಮೆಲ್ಲಗೆ ಕೇಳಿದಳು, "ಇದಕ್ಕ ನಾಯಿ ಬೇಕಾಗಿತ್ತು ಅಂತ ಯಾಕ ಹೇಳಲಿಲ್ರಿ?"

ಅವಳು ಕೇಳಿರಲಿಲ್ಲ ಎನ್ನಲು ಹೋದೆ. ಕೇಳಿದ್ದಳು, ಮನೆಯಲ್ಲಿ ಯಾರು ಯಾರು ಎಂದು. ನಾನು "ಇಬ್ಬರ" ಎಂದು ಮುಗಿಸಿದ್ದೆ. ಆಗ ಮೊದಲ ಸಲ ಎಲ್ಲವನ್ನೂ ಹೇಳಿದೆ: ತಾಮ್ರದ ಹೊಳಪಿನವನು, ಗೋಡೆಗೆ ಬೆನ್ನು ಕೊಟ್ಟು ಕೂಡುವ ಅವ್ವ, ಸಿಂದಗಿಯ ಡಬ್ಬಿ, ಕೋಳಿ ಲಸಿಕೆ, ತಂಗಡಗಿಯಲ್ಲಿ ಹೇಳಿದ ಸುಳ್ಳು. ತಪ್ಪಾಯಿತು ಎಂದೆ. ಮೂವತ್ತು ವರ್ಷದಿಂದ ಬೇರೆಯವರ ಬಾಯಿಂದ ಈ ಮಾತು ಹೇಳಿಸಿ ರೂಢಿ, ನಾನು ಹೇಳುವಾಗ ನಾಲಿಗೆ ಹೊರಳಲಿಲ್ಲ.

"ಮರಿ ಕೊಡೂದಿಲ್ಲ" ಎಂದಳು ನೀಲವ್ವ. "ಈ ನೆಲಕ್ಕ ಇನ್ನೂ ಎಷ್ಟೋ ತಿಂಗಳ ಮರಿ ಬರಬಾರ್ದು. ನಾನೂ ಹೋಗಿ ಜಳಕಾ ಮಾಡಿ, ಈ ಸೀರಿ ಕುದಿಸಿದಮ್ಯಾಲನ ಮರಿ ಮುಟ್ಟತೇನಿ. ಮತ್ತ ಮರಿ ಕಾಲಾಗ ಸಿಕ್ಕು ಯವ್ವ ಬಿದ್ರ? ನಿಮಗ ಮರಿ ಅಲ್ಲ ಬೇಕಾದ್ದು. ಎರಡ ವರ್ಷದ ಹೆಣ್ಣೊಂದ ಐತಿ. ಬಾಗೇವಾಡಿಯವ್ರಿಗೆ ಕೊಟ್ಟಿದ್ನಿ. ಹೊಸಾ ಮನಿ ಕಟ್ಟಿಸಿದ್ರು, ನುಣ್ಣನ ಟೈಲ್ಸಿನ ಮ್ಯಾಲ ನಾಯಿ ಬ್ಯಾಡಾತು. ತಿರುಗಿ ತಂದ ಬಿಟ್ರು. ನನ್ನ ಕಡೆ ಹುಟ್ಟಿದ್ದು ಬ್ಯಾಡಾದ್ರ ನನ್ನ ಕಡೆನ ಬರಬೇಕು, ಬೀದಿಗಲ್ಲ. ಅದಕ್ಕ ಎಲ್ಲಾ ಇಂಜೆಕ್ಷನ್ ಆಗ್ಯಾವ."

ಒಳಗಿನಿಂದ ನನ್ನ ಪಿತ್ರಾರ್ಜಿತ ದನಿ ಎದ್ದಿತು: ನೋಡು, ಹಳೆಯ ಮಾಲು ದಾಟಿಸುತ್ತಿದ್ದಾಳೆ. ಯಾರೋ ಬೇಡವೆಂದದ್ದು, ಏನೋ ಐಬು ಇರಬೇಕು. ಆ ವಾರವೇ ಕಾಕಾ ಕುಂಟುತ್ತ ತಂಗಡಗಿಗೆ ಹೋಗಿ ಬಂದರು. ನಾಯಿಯ ಹಲ್ಲಿನಿಂದ ಬಾಲದವರೆಗೆ ನೋಡಿದರು, ಕಾರ್ಡಿನ ಚೀಟಿಗಳನ್ನು ಒಂದೊಂದಾಗಿ ಓದಿದರು. ಬಾಗೇವಾಡಿಗೂ ಹೋಗಿ ತಿರುಗಿ ಕೊಟ್ಟವರ ಓಣಿಯ ಚಾದಂಗಡಿಯಲ್ಲಿ ಕೂತು ಬಂದರು. "ಐಬು ಐತಿ" ಎಂದರು ನನಗೆ. ಕನ್ನಡಕ ಒರೆಸಿಕೊಂಡು ಮುಂದುವರಿಸಿದರು, "ಐಬು ಆ ಮನಿಯವರದ್ದು."

ಗೇಟಿನ ಕೆಳಗಿನ ಸಂದಿಗೆ ತಗಡು ಬಡಿಸಿದ ಮೇಲೆ ನೀಲವ್ವ ನಾಯಿಯನ್ನು ತಂದಳು. ಒಂದು ಕಾಗದದ ಮೇಲೆ ಸಹಿ ಮಾಡಿಸಿಕೊಂಡಳು: ಸಾಕಲಿಕ್ಕೆ ಆಗದಿದ್ದರೆ ತನಗೇ ಕೊಡಬೇಕು, ಮಾರಬಾರದು, ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಕಂಡರೆ ತಾನೇ ಒಯ್ಯಬಹುದು. ನಾಯಿಯ ಹೆಸರು ಹರಣಿ. ಜಿಂಕೆಯಂಥದೇ, ಪಕ್ಕೆಲುಬು ಕಾಣುವ ಮೈ. ಓಣಿಯವರೆಲ್ಲ ನಿಂತು ನಿಂತು, "ಟೀಚರ್ರ, ಇದಕ್ಕ ಊಟ ಹಾಕೂದಿಲ್ಲೇನ್ರಿ?" ಎಂದು ಕೇಳತೊಡಗಿದರು. ಈ ತಳಿಯೇ ಹೀಗೆ ಎಂದರೆ ನಂಬಲೊಲ್ಲರು. ಸಂಶಯಕ್ಕೆ ಗುರಿಯಾಗುವುದು ಏನೆಂದು ಈ ವಯಸ್ಸಿನಲ್ಲಿ ಕಲಿತೆ.

ಹರಣಿಯೂ ನಮ್ಮನ್ನು ನಂಬಲಿಲ್ಲ. ನಾವು ನೋಡುತ್ತಿದ್ದರೆ ಉಣ್ಣುತ್ತಿರಲಿಲ್ಲ. ಬಟ್ಟಲನ್ನು ಮೂಸಿ, ನನ್ನ ಮುಖ ನೋಡಿ ದೂರ ಹೋಗಿ ನಿಲ್ಲುತ್ತಿತ್ತು, ಥೇಟ್ ನಮ್ಮವ್ವ ಬದನೆಕಾಯಿ ಇಟ್ಟು ಹೋದಂತೆ. ಇಡೀ ದಿನ ಗೇಟಿಗೆ ಮುಖ ಮಾಡಿ ಮಲಗುವುದು. ಬಾಗೇವಾಡಿಯವರನ್ನು ಕಾಯುತ್ತಿತ್ತೋ, ನೀಲವ್ವನನ್ನೋ. ಅವ್ವ ಅದನ್ನು ಕರೆಯಲಿಲ್ಲ, ಮುದ್ದಿಸಲಿಲ್ಲ. ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿ ಇಟ್ಟು, ಬೆನ್ನು ತಿರುಗಿಸಿ ತನ್ನ ಕೆಲಸಕ್ಕೆ ಕೂಡುವಳು. ಅವಳ ಬೆನ್ನು ತಿರುಗಿದ ಮೇಲೆ ಅದು ಉಣ್ಣುವುದು. ಹೀಗೆ ಮೂರು ವಾರ ನಡೆಯಿತು.

ನಾಲ್ಕನೆಯ ವಾರ ಒಂದು ಶನಿವಾರ ನಾನು ಮನೆಯಲ್ಲಿದ್ದೆ. ಗ್ಯಾಸಿನವನು ಗೇಟು ಬಡಿದ. ಹರಣಿ ಎದ್ದು ಎರಡು ಸಲ ಬೊಗಳಿತು, ಹಿಂದಿರುಗಿ ಅವ್ವನನ್ನು ನೋಡಿತು. ಅವ್ವ ಶೇಂಗಾ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಹರಣಿ ಮತ್ತೊಮ್ಮೆ ಬೊಗಳಿತು. ಆಮೇಲೆ ಅದಕ್ಕೇನು ಹೊಳೆಯಿತೋ, ಬಂದು ತನ್ನ ಉದ್ದ ಮೂಗಿನಿಂದ ಅವ್ವನ ಮೊಣಕಾಲು ನೂಕಿತು. "ಏನವ್ವಾ?" ಎಂದಳು ಅವ್ವ. ಎದ್ದಳು. ಇಬ್ಬರೂ ಕೂಡಿ ಗೇಟಿಗೆ ಹೋದರು. ಯಾರೂ ಕಲಿಸಿರಲಿಲ್ಲ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಂಡೆ.

ಅವ್ವ ಈಗ ಅಂಗಳದ ನಟ್ಟನಡುವೆ ಕೂಡುತ್ತಾಳೆ.

ಆರು ತಿಂಗಳಿಗೆ ನೀಲವ್ವ ಬಂದಳು, ಎಂದಿನಂತೆ ಹೇಳದೆ. ಹರಣಿ ಮೊದಲು ಗುರ್ ಎಂದಿತು. ಗಾಳಿಗೆ ಮೂಗು ಎತ್ತಿತು. ಮರುಕ್ಷಣ ಗೇಟಿನ ಮೇಲೇ ಹಾರಿತು, ಕುಂಯ್‌ಗುಟ್ಟಿತು, ಅವಳ ಸೀರೆ ಹಿಡಿದು ಎಳೆದಾಡಿತು. ನೀಲವ್ವ ನೆಲದ ಮೇಲೆ ಕೂತು ಅದರ ಕಿವಿ ನೋಡಿದಳು, ಉಗುರು ನೋಡಿದಳು, ಪಕ್ಕೆಲುಬಿನ ಮೇಲೆ ಬೆರಳಾಡಿಸಿದಳು. ನೀರಿನ ಬಟ್ಟಲಿನ ತಳವನ್ನು ತಿಕ್ಕಿ ಬೆರಳು ನೋಡಿಕೊಂಡಳು. ನಾನು ಇನ್‌ಸ್ಪೆಕ್ಟರು ಬಂದ ದಿನದ ಹೊಸ ಶಿಕ್ಷಕಿಯಂತೆ ಪಕ್ಕದಲ್ಲಿ ನಿಂತಿದ್ದೆ. ಅವ್ವ ಅಂಗಳದ ನಡುವೆ ಅಕ್ಕಿ ಹಸನು ಮಾಡುತ್ತಿದ್ದಳು. ನೀಲವ್ವನನ್ನು ನೋಡಿ ನಕ್ಕು, ಮತ್ತೆ ಮೊರದ ಕಡೆ ಬಾಗಿದಳು.

ಚಾ ಆಯಿತು. ನೀಲವ್ವ ಚೀಲ ಹೆಗಲಿಗೆ ಹಾಕಿ ಗೇಟು ತೆಗೆದಳು. ತೆಗೆದವಳು ಪೂರ್ತಿ ಅಗಲವಾಗಿ ತೆಗೆದು, ಹೊರಗೆ ನಿಂತು ಕರೆದಳು, "ಹರಣೀ, ಬಾ. ಹೋಗೂಣು."

ಹರಣಿ ಕಿವಿ ನಿಮಿರಿಸಿ ಓಡಿತು. ಗೇಟಿನ ಗೆರೆಯಲ್ಲಿ ಅದು ನಿಂತಿತು. ಒಂದು ಕಾಲು ಮೇಲಿತ್ತು. ನೀಲವ್ವನ ಮುಖ ನೋಡಿತು, ತಿರುಗಿ ಅವ್ವನನ್ನು ನೋಡಿತು. ಅವ್ವನಿಗೆ ಇದಾವುದೂ ಕೇಳಿಸಿರಲಿಲ್ಲ, ಅವಳು ಅಕ್ಕಿಯಲ್ಲಿ ಹರಳು ಹುಡುಕುತ್ತಿದ್ದಳು. ಹರಣಿ ಎತ್ತಿದ ಕಾಲನ್ನು ಕೆಳಗಿಟ್ಟು, ನಡೆದುಕೊಂಡು ಬಂದು, ಅವ್ವನ ಪಕ್ಕೆಗೆ ಮೈ ಆನಿಸಿ ನಿಂತಿತು. ಅವ್ವ ನೋಡದೆಯೇ ಎಡಗೈಯನ್ನು ಅದರ ಬೆನ್ನ ಮೇಲಿಟ್ಟಳು.

ನೀಲವ್ವ ಗೇಟು ಎಳೆದುಕೊಂಡಳು. ನಾನು ಚಿಲಕ ಹಾಕಲು ಹೋದಾಗ ಅವಳ ಕಣ್ಣು ಒದ್ದೆಯಾಗಿದ್ದವು.

"ಬರಲಿಲ್ಲ ಅಂತ ಬ್ಯಾಸರ ಆತೇನ್ರಿ, ನೀಲವ್ವಾರ?" ಎಂದೆ.

"ಬ್ಯಾಸರ ಯಾಕ?" ಎಂದಳು. "ಬಂದಿದ್ರ ಕರಕೊಂಡ ಹೋಗಾಕಿ ಇದ್ನಿ."

ನಗುತ್ತಾಳೇನೋ ಎಂದು ಮುಖ ನೋಡಿದೆ. ನಗಲಿಲ್ಲ. ನಾನು ನಂಬಿದೆ.